ಪಂಪಿಗೆ ಕಿಲೋಮೀಟರಿಲ್ಲ

ಬೋರ್ಡೋ ದ್ರಾವಣಕ್ಕೆ ಕಾಯುವ ಗುಣವಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೆಳಿಗ್ಗೆ ಕಲಸಿದ್ದನ್ನು ಸಂಜೆಯೊಳಗೆ ಅಡಿಕೆ ಕೊನೆಗೆ ಹೊಡೆದು ಮುಗಿಸಬೇಕು. ರಾತ್ರಿ ಕಳೆದರೆ ಡ್ರಮ್ಮಿನಲ್ಲಿ ಉಳಿಯುವುದು ನೀಲಿ ಬಣ್ಣದ ನೀರು ಮಾತ್ರ, ಔಷಧಿಯಲ್ಲ.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ತೀರ್ಥಹಳ್ಳಿ ಕಡೆಯ ನಮ್ಮಂಥವರು ಇನ್ನೂ ಮೈಲುತುತ್ತ ತರುವ ಯೋಚನೆಯಲ್ಲಿರುವಾಗಲೇ ಮಳೆ ಹಿಡಿದುಕೊಂಡಿತು. ಜೂನ್ ನಡುವಿನಲ್ಲಿ ಎರಡು ದಿನ ಹೊಳವಾಯಿತು. ಔಷಧಿ ಹೊಡೆಯುವವರನ್ನು ಹೇಗೋ ಕಾಡಿ ಬೇಡಿ ಕರೆಸಿದೆ. ಎರಡು ಡ್ರಮ್ ದ್ರಾವಣ ಕಲಸಿಯೂ ಆಯಿತು. ಅಟ್ಟದಿಂದ ಇಳಿಸಿದ ಪಂಪಿನ ಹಗ್ಗ ಎಳೆದರೆ ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಚೋಕ್ ಹಾಕಿದೆವು, ತೆಗೆದೆವು, ಪ್ಲಗ್ ಬಿಚ್ಚಿ ಉಜ್ಜಿದೆವು. ಮೂವರು ಸರದಿಯಲ್ಲಿ ಎಳೆದು ಭುಜ ನೋಯಿಸಿಕೊಂಡದ್ದಷ್ಟೇ ಬಂತು. ಹನ್ನೊಂದು ಗಂಟೆಗೆ ಪಂಪನ್ನು ಜೀಪಿಗೆ ಹಾಕಿ ಪೇಟೆಗೆ ಒಯ್ದೆ.

ನಮ್ಮ ಮೆಕ್ಯಾನಿಕ್ ನನ್ನ ಹಳೇ ವಿದ್ಯಾರ್ಥಿ. ಕಾರ್ಬೊರೇಟರಿನ ಬಟ್ಟಲು ಬಿಚ್ಚಿ ಅಂಗೈಯಲ್ಲಿ ಹಿಡಿದು ನನ್ನ ಮುಖ ನೋಡಿದ.

“ಎಂತ ಹಾಕಿದ್ರಿ ಮೇಷ್ಟ್ರೇ ಇದಕ್ಕೆ?”

“ಪೆಟ್ರೋಲೇ ಮಾರಾಯ, ಮತ್ತೆಂತ?”

“ಯಾವಾಗಿಂದು?”

“ಹೋದ ಸೆಪ್ಟೆಂಬರಿಂದು.”

“ಹಾಗಾದ್ರೆ ಇದು ಪೆಟ್ರೋಲಲ್ಲ. ಇದರ ತಿಥಿ ಮಾಡ್ಬೇಕಾಗಿತ್ತು ನೀವು.”

ಬಟ್ಟಲಿನಲ್ಲಿದ್ದದ್ದು ಎರಡು ದ್ರವ. ಮೇಲೆ ಪೆಟ್ರೋಲ್, ತಳದಲ್ಲಿ ಒಡೆದ ಮಜ್ಜಿಗೆಯ ತಿಳಿಯಂಥ ಇನ್ನೇನೋ. ಅಂಚಿನ ಸುತ್ತ ಬಿಳಿ ಹುಡಿ ಕಟ್ಟಿತ್ತು, ಎಲೆಯಡಿಕೆ ಸುಣ್ಣ ಒಣಗಿದ ಹಾಗೆ. ಕೂದಲೆಳೆ ಗಾತ್ರದ ಜೆಟ್ಟಿನ ತೂತು ಪೂರಾ ಮುಚ್ಚಿತ್ತು. ಅವನು ಹಳೇ ಕರೆಂಟ್ ವೈರಿನಿಂದ ತಾಮ್ರದ ಒಂದೇ ಒಂದು ಎಳೆ ಕಿತ್ತು ಆ ತೂತಿನಲ್ಲಿ ಆಡಿಸುತ್ತ, ಈ ಮಳೆಗಾಲದಲ್ಲಿ ತನಗೆ ಇದೇ ಕೆಲಸ ಅಂದ. ಅವನ ಅಂಗಡಿಯ ಮುಂದೆ ಪಂಪು, ಕಳೆ ಕೊಚ್ಚುವ ಯಂತ್ರ, ಚೈನ್ ಸಾ ಸಾಲಾಗಿ ಮಲಗಿದ್ದವು. ನಾನು ಮನೆಗೆ ಬರುವಾಗ ನಾಲ್ಕು ಗಂಟೆ, ಮತ್ತೆ ಮಳೆ. ಎರಡು ಡ್ರಮ್ ದ್ರಾವಣ ಚರಂಡಿಗೆ ಹೋಯಿತು. ಕೆಲಸದವರಿಗೆ ಕೂಲಿ ಕೊಟ್ಟೆ. ಅವರ ದಿನ ಹಾಳಾದದ್ದು ಅವರ ತಪ್ಪಿನಿಂದಲ್ಲವಲ್ಲ.

ತಪ್ಪು ಯಾರದು ಎಂದು ಆ ರಾತ್ರಿ ಯೋಚಿಸಿದೆ. ಇಂಥ ಯೋಚನೆಗೆ ಸಿಟ್ಟು ಒಳ್ಳೆಯ ಜೊತೆಗಾರನಲ್ಲ. ಮೊದಲು ಒಂದು ಅಳತೆ ಬೇಕಿತ್ತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನ ಮನೆಯಲ್ಲಿ ನೂರು ಮಿಲಿಯ ಒಂದು ಅಳತೆ ಜಾಡಿ ಇದ್ದೇ ಇರುತ್ತದೆ. ಮರುದಿನ ಬಂಕಿನಿಂದ ಹೊಸ ಪೆಟ್ರೋಲ್ ತಂದು, ಒಲೆ ಬೆಂಕಿಯಿಂದ ದೂರ, ಅಂಗಳದ ಕಟ್ಟೆಯ ಮೇಲೆ ಕೂತೆ. ಜಾಡಿಗೆ 10 ಮಿಲಿ ನೀರು, ಅದರ ಮೇಲೆ ನೂರರ ಗೆರೆವರೆಗೆ ಪೆಟ್ರೋಲ್. ಬಾಯಿ ಮುಚ್ಚಿ ಅಲುಗಿಸಿ ಹತ್ತು ನಿಮಿಷ ಇಟ್ಟೆ. ಹತ್ತರಲ್ಲಿದ್ದ ನೀರಿನ ಗೆರೆ ಇಪ್ಪತ್ತೇಳಕ್ಕೆ ಏರಿತ್ತು. ಪೆಟ್ರೋಲಿಗೆ ಬೆರೆಸಿದ್ದ ಎಥೆನಾಲ್ ನೀರಿನ ಮನೆಗೆ ಹೋಗಿ ಕೂತಿತ್ತು. 90 ಮಿಲಿ ಪೆಟ್ರೋಲಿನಲ್ಲಿ ಹದಿನೇಳು ಮಿಲಿ ಎಂದರೆ ಶೇಕಡ 19ರ ಆಸುಪಾಸು. ಬಂಕಿನವನು ಮೋಸ ಮಾಡಿರಲಿಲ್ಲ. ಸರ್ಕಾರ ಏನು ಹೇಳಿತ್ತೋ ಅದನ್ನೇ ಕೊಟ್ಟಿದ್ದ.

ಇಲ್ಲೇ ಒಂದು ಎಚ್ಚರಿಕೆ. ಈ ಪರೀಕ್ಷೆಯ ವಿಡಿಯೊ ನೋಡಿ, ನೀರು ಹಾಕಿ ಎಥೆನಾಲ್ ‘ತೊಳೆದು’ ಮೇಲಿನ ಪೆಟ್ರೋಲನ್ನು ಬಳಸುವ ಬುದ್ಧಿವಂತರು ಹುಟ್ಟಿಕೊಂಡಿದ್ದಾರೆ. ಹಾಗೆ ಮಾಡಿದರೆ ಆಕ್ಟೇನ್ ಬಿದ್ದುಹೋಗಿ ಎಂಜಿನ್ ಬಡಿದುಕೊಳ್ಳುತ್ತದೆ. ಮನೆಯಂಗಳದಲ್ಲಿ ಬಕೆಟ್‌ಗಟ್ಟಲೆ ಪೆಟ್ರೋಲ್ ತೆರೆದಿಡುವುದಂತೂ ಶುದ್ಧ ಮೂರ್ಖತನ.

ಎಥೆನಾಲಿಗೆ ನೀರೆಂದರೆ ಪ್ರೀತಿ. ಶೇಕಡ 10ರ ಮಿಶ್ರಣದ ಒಂದು ಲೀಟರ್ ಸುಮಾರು 5 ಮಿಲಿ ನೀರನ್ನು, ಅಂದರೆ ಒಂದು ಟೀ ಚಮಚದಷ್ಟನ್ನು, ಕಣ್ಣಿಗೆ ಕಾಣದಂತೆ ಕರಗಿಸಿಟ್ಟುಕೊಳ್ಳುತ್ತದೆ. ಎಥೆನಾಲ್ ಹೆಚ್ಚಾದಷ್ಟೂ ಈ ತಾಳಿಕೆ ಇನ್ನಷ್ಟು ಹೆಚ್ಚು. ಆದರೆ ಮಿತಿ ದಾಟಿದ ಕ್ಷಣ, ಅಥವಾ ರಾತ್ರಿಯ ಚಳಿಗೆ ಆ ಮಿತಿಯೇ ಇಳಿದಾಗ, ಎಥೆನಾಲ್ ನೀರಿನ ಕೈ ಹಿಡಿದು ತಳಕ್ಕೆ ಇಳಿಯುತ್ತದೆ. ಕಾರ್ಬೊರೇಟರ್ ಇಂಧನ ಎಳೆಯುವುದು ತಳದಿಂದಲೇ. ಅಲ್ಲಿ ಕೂತ ನೀರು ಮತ್ತು ಎಥೆನಾಲಿನ ಪಾಕ ಅಲ್ಯೂಮಿನಿಯಂ, ಸತು ಎರಡನ್ನೂ ತಿನ್ನುತ್ತದೆ. ನಾನು ಕಂಡ ಬಿಳಿ ಹುಡಿ ಅದರ ಉಳಿಕೆ. ಹಳೇ ನಮೂನೆಯ ರಬ್ಬರ್ ಪೈಪು, ಡಯಾಫ್ರಮ್ ಉಬ್ಬುತ್ತವೆ, ಆಮೇಲೆ ಗಟ್ಟಿಯಾಗಿ ಬಿರಿಯುತ್ತವೆ.

ಇನ್ನೊಂದು ಕಾಟ ನಿಂತ ಯಂತ್ರದ್ದಲ್ಲ, ಓಡುವ ಯಂತ್ರದ್ದು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು, ಎಥೆನಾಲಿಗೆ ಒಂಬತ್ತೇ ಗ್ರಾಂ ಸಾಕು. ಹೊಸ ಕಾರು, ಹೊಸ ಬೈಕುಗಳಲ್ಲಿ ಹೊಗೆಯ ರುಚಿ ನೋಡಿ ಇಂಧನ ಹೆಚ್ಚು ಕಡಿಮೆ ಮಾಡುವ ಸೆನ್ಸರ್ ಇರುತ್ತದೆ. ನಮ್ಮ ಪಂಪಿಗೂ ಕಳೆಯಂತ್ರಕ್ಕೂ ಅಂಥ ನಾಲಗೆ ಇಲ್ಲ. ಅವುಗಳ ಜೆಟ್ಟಿನ ತೂತು ಕಾರ್ಖಾನೆಯಲ್ಲಿ ಕೊರೆದಷ್ಟೇ. ಇಂಧನ ಸಾಲದೆ ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತದೆ. ಟೂ-ಸ್ಟ್ರೋಕ್ ಯಂತ್ರದ ಗತಿ ಇನ್ನೂ ಕಷ್ಟ. ಅದರ ಪಿಸ್ಟನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿಗೆ ಬೆರೆಸಿದ ಟೂ-ಟಿ ಆಯಿಲಿನಿಂದ ಮಾತ್ರ. ಪೆಟ್ರೋಲ್ ಒಡೆದಾಗ ಆಯಿಲ್ ಮೇಲಿನ ಪದರದಲ್ಲೇ ಉಳಿಯುತ್ತದೆ, ಎಂಜಿನ್ ಕುಡಿಯುವುದು ಕೆಳಗಿನ ಪದರವನ್ನು. ಎಣ್ಣೆಯಿಲ್ಲದೆ ಉಜ್ಜಿದ ಪಿಸ್ಟನ್ ಕಚ್ಚಿಕೊಂಡು ನಿಲ್ಲುತ್ತದೆ.

ನಾನು ಎಥೆನಾಲಿನ ವಿರೋಧಿಯಲ್ಲ. ಈ ಮಾತು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಈಗ ಪ್ರಶ್ನೆ ಕೇಳಿದವನನ್ನು ಯಾವ ಪಂಗಡದವನು ಎಂದು ವಿಚಾರಿಸುವುದೇ ಮೊದಲ ಕೆಲಸವಾಗಿದೆ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇಕಡ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುತ್ತೇವೆ. ಅದರಲ್ಲಿ ಒಂದಿಷ್ಟನ್ನು ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿನ ಗದ್ದೆಗಳಿಂದ ತರುವುದಾದರೆ ಬೇಡ ಎನ್ನಲು ನಾನ್ಯಾರು? 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳುತ್ತ ಕಬ್ಬು ಬೆಳೆಗಾರರು ದಿನಗಟ್ಟಲೆ ರಸ್ತೆಯಲ್ಲಿ ಕೂತಿದ್ದನ್ನು ಕಂಡವರಿಗೆ ಆ ಬೆಳೆಯ ಹಿಂದಿನ ಬೆವರು ಗೊತ್ತು. ಅತ್ತ ನೀತಿ ಆಯೋಗದ 2021ರ ವರದಿಯೇ, ಕಬ್ಬಿನ ಸಕ್ಕರೆಯಿಂದ ಒಂದು ಲೀಟರ್ ಎಥೆನಾಲ್ ತೆಗೆಯಲು ಸುಮಾರು 2,860 ಲೀಟರ್ ನೀರು ಬೇಕು ಎಂದು ಲೆಕ್ಕ ಹಾಕಿದೆ. ಲಾಭ ನಷ್ಟ ಎರಡೂ ಇರುವ ವಿಷಯ. ಎರಡನ್ನೂ ಮೇಜಿನ ಮೇಲಿಟ್ಟು ಮಾತಾಡುವುದಕ್ಕೇ ವಿಚಾರವಂತಿಕೆ ಎನ್ನುವುದು.

ಮಲೆನಾಡಿನವನಿಗೆ ಇಲ್ಲೊಂದು ತಮಾಷೆ ಇದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ನಮ್ಮ ಹಿರಿಯರಿಗೆ ಕಲಿಸಿದವರು ಲೆಸ್ಲಿ ಕೋಲ್ಮನ್. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಹುಟ್ಟಿದ್ದರ ಹಿಂದೆಯೂ ಅವರ ಕೈಯಿತ್ತು. ಔಷಧಿ ಮತ್ತು ಕಬ್ಬು ಒಬ್ಬನೇ ಮನುಷ್ಯನ ಕಾಳಜಿಯಾಗಿದ್ದ ಕಾಲ ಅದು. ನೂರು ವರ್ಷದ ಮೇಲೆ ಕಬ್ಬಿನ ಮದ್ಯ ನನ್ನ ಔಷಧಿ ಪಂಪಿನ ಗಂಟಲು ಕಟ್ಟಿತು. ಕೋಲ್ಮನ್ ಇದ್ದಿದ್ದರೆ ಏನು ಮಾಡುತ್ತಿದ್ದರೋ ಹೇಳಲಾರೆ. ಪಂಪನ್ನು ಬಿಚ್ಚಿಯಂತೂ ನೋಡುತ್ತಿದ್ದರು.

ನಮ್ಮಲ್ಲಿ ಬಿಚ್ಚಿ ನೋಡಿದವರು ಯಾರು? ಪೆಟ್ರೋಲಿಗೆ ಶೇಕಡ 5 ಎಥೆನಾಲ್ ಬೆರೆಸುವ ಕಾರ್ಯಕ್ರಮ 2003ರಲ್ಲಿ ಶುರುವಾಯಿತು. 2022ರ ಜೂನಿಗೆ ಶೇಕಡ 10 ಆಯಿತು. ಶೇಕಡ 20ರ ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರುವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಮೊದಲು 2030ಕ್ಕೆ ಇಟ್ಟುಕೊಂಡ ಗುರಿಯನ್ನು ಹಿಂದಕ್ಕೆಳೆದು 2025ರಲ್ಲೇ ಮುಟ್ಟಿದ್ದೂ ಆಯಿತು. ಗುರಿ ಬೇಗ ಮುಟ್ಟಿದ್ದಕ್ಕೆ ಅಭಿನಂದನೆ ಹೇಳೋಣ. ಆದರೆ ನೀತಿ ಆಯೋಗದ ಅದೇ ವರದಿ, ಹಳೇ ವಾಹನಗಳಿಗಾಗಿ ಶೇಕಡ 10ರ ಪೆಟ್ರೋಲೂ ಬಂಕುಗಳಲ್ಲಿ ಸಿಗುತ್ತಿರಬೇಕು ಎಂದಿತ್ತು. ಆ ಮಾತು ಎಲ್ಲಿಗೆ ಹೋಯಿತು? ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಲಿ ಎಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಕಾನೂನಿನ ಬಾಗಿಲು ಸದ್ಯಕ್ಕೆ ಮುಚ್ಚಿದೆ. ಕಾನೂನು ತಪ್ಪೆನ್ನದ ಕಾರಣಕ್ಕೆ ಒಂದು ಕೆಲಸ ನ್ಯಾಯವೂ ಆಗಿಬಿಡುವುದಿಲ್ಲ.

ಜನರ ಗಾಬರಿಗೆ ಉತ್ತರವಾಗಿ 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯ ವಿವರಣೆ ಕೊಟ್ಟಿತು. ಕೆಲವು ಹಳೇ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗಗಳು, ಗ್ಯಾಸ್ಕೆಟ್ ಬದಲಿಸಬೇಕಾದೀತು, ಅದಕ್ಕೆ ಹೆಚ್ಚು ಖರ್ಚಿಲ್ಲ, ಮಾಮೂಲಿ ಸರ್ವಿಸಿನಲ್ಲೇ ಆಗಿಹೋಗುತ್ತದೆ ಎಂಬುದು ಅದರ ಸಾರ. ಈ ಮಾತನ್ನು ನಾನು ಎರಡು ಸಲ ಓದಿದೆ. ಸುಳ್ಳಿಲ್ಲ. ಆದರೆ ನನ್ನ ಪಂಪಿಗೆ ಕಿಲೋಮೀಟರಿಲ್ಲ. ಅದು ವರ್ಷಕ್ಕೆ ಎಂಟು ಹತ್ತು ದಿನ ಓಡುತ್ತದೆ, ಉಳಿದ ದಿನವೆಲ್ಲ ಅಟ್ಟದ ಮೇಲೆ ಕೂತಿರುತ್ತದೆ. ಕಾರಿನ ವೈರಿ ಓಟವಾದರೆ ನಮ್ಮ ಯಂತ್ರಗಳ ವೈರಿ ನಿಲುಗಡೆ. ಲೆಕ್ಕ ಬರೆದವರ ಕಣ್ಣೆದುರು ರಸ್ತೆಯಿತ್ತು, ತೋಟ ಇರಲಿಲ್ಲ. ಹಿಂದೆ ಈ ಪಂಪುಗಳಲ್ಲಿ ಬಹಳಷ್ಟು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುತ್ತಿದ್ದವು. ರೇಷನ್ ಸೀಮೆಎಣ್ಣೆ ಹೋದ ಮೇಲೆ ಅವಕ್ಕೂ ಬಂಕೇ ಗತಿ.

ಮೆಕ್ಯಾನಿಕ್ ಅಂಗಡಿಯಲ್ಲಿ ಅಂದು ಕಂಡ ಒಬ್ಬ ಹುಡುಗ ನೆನಪಾಗುತ್ತಾನೆ. ಇಪ್ಪತ್ತೆರಡು ವರ್ಷವಿರಬಹುದು. ಸಂಘದಲ್ಲಿ ಸಾಲ ಮಾಡಿ ಕಳೆಯಂತ್ರ ತಗೊಂಡು ದಿನದ ಬಾಡಿಗೆಗೆ ತೋಟದಿಂದ ತೋಟಕ್ಕೆ ಹೋಗುವವನು. ಆಯಿಲ್ ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ನೀರಿನ ಬಾಟಲಿಯಲ್ಲಿ ಇಟ್ಟುಕೊಂಡಿದ್ದ. ಅವನ ಯಂತ್ರದ ಪಿಸ್ಟನ್ನನ್ನು ಮೆಕ್ಯಾನಿಕ್ ನನ್ನ ಕೈಗಿಟ್ಟ. ಒಂದು ಮಗ್ಗುಲಲ್ಲಿ ಉದ್ದಕ್ಕೆ ಗೀರು, ಬೆಕ್ಕು ಪರಚಿದ ಹಾಗೆ. “ಆಯಿಲ್ ಸರಿ ಹಾಕಿಲ್ಲ ನೀನು,” ಎಂದು ಮೆಕ್ಯಾನಿಕ್ ಬೈದ. “ಹಾಕಿದೀನಿ ಅಣ್ಣಾ, ಅಳತೆ ಮಾಡೇ ಹಾಕಿದೀನಿ,” ಎಂದ ಹುಡುಗ. ಅವನ ಕಣ್ಣಲ್ಲಿ ನೀರಿತ್ತು. ಅವನು ಹೇಳಿದ್ದು ನಿಜವೇ ಇರಬೇಕು. ಅವನು ಹಾಕಿದ ಆಯಿಲ್ ಬಾಟಲಿಯಲ್ಲಿತ್ತು, ಪಿಸ್ಟನ್ನಿಗೆ ಹೋಗಲಿಲ್ಲ ಅಷ್ಟೆ.

ಈ ಹುಡುಗನ ನಷ್ಟ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಉಳಿದ ವಿದೇಶಿ ವಿನಿಮಯಕ್ಕೆ ಕೋಟಿಗಳ ಲೆಕ್ಕವಿದೆ, ತಗ್ಗಿದ ಹೊಗೆಗೆ ಟನ್ನುಗಳ ಲೆಕ್ಕವಿದೆ. ದೊಡ್ಡ ಒಳಿತಿಗಾಗಿ ಸಣ್ಣವನು ಸ್ವಲ್ಪ ತಾಳಿಕೊಳ್ಳಲಿ ಎನ್ನುವ ವಾದ ಹಳೆಯದು. ಅದರಲ್ಲಿ ತಾಳಿಕೊಳ್ಳುವವನನ್ನು ಯಾರೂ ಕೇಳಿರುವುದಿಲ್ಲ. ನನ್ನ ಆಕ್ಷೇಪ ಎಥೆನಾಲಿನ ಮೇಲಲ್ಲ, ಈ ಕೇಳದಿರುವಿಕೆಯ ಮೇಲೆ, ಹೇಳದಿರುವಿಕೆಯ ಮೇಲೆ. ಬೆಲೆಯ ವಿಷಯವೂ ಹೀಗೆಯೇ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಾಖ ಕಡಿಮೆ. ಶೇಕಡ 20 ಬೆರೆಸಿದರೆ ಲೀಟರಿನ ಒಟ್ಟು ಶಾಖ ಸುಮಾರು ಶೇಕಡ 7ರಷ್ಟು ಇಳಿಯುತ್ತದೆ. ಹೆಚ್ಚಿದ ಆಕ್ಟೇನನ್ನು ಬಳಸಿಕೊಳ್ಳಬಲ್ಲ ಹೊಸ ಎಂಜಿನ್ ಅದರಲ್ಲಿ ಒಂದಿಷ್ಟನ್ನು ಮರಳಿ ಗಳಿಸೀತು. ಹಳೆಯದಕ್ಕೆ ಆ ಶಕ್ತಿ ಇಲ್ಲ. ಹಾಲಿಗೆ ಅಷ್ಟು ನೀರು ಬೆರೆಸಿ ಹಾಲಿನ ದರಕ್ಕೇ ಕೊಟ್ಟರೆ ನಮ್ಮೂರ ಡೇರಿಯಲ್ಲಿ ಫ್ಯಾಟ್ ನೋಡುವವನು ಸುಮ್ಮನಿರುತ್ತಾನೆಯೇ?

ಬೇರೆ ದೇಶಗಳಲ್ಲಿ ಹೇಳುತ್ತಾರೆ. ಅಮೆರಿಕದಲ್ಲಿ ಶೇಕಡ 15ರ ಪೆಟ್ರೋಲ್ ಮಾರುವ ಪಂಪಿನ ಮೇಲೆ ಕಿತ್ತಳೆ ಬಣ್ಣದ ಚೀಟಿ ಇರಲೇಬೇಕು. 2001 ಮತ್ತು ನಂತರದ ಕಾರುಗಳಿಗೆ ಮಾತ್ರ, ದೋಣಿಗೂ ಹುಲ್ಲು ಕತ್ತರಿಸುವ ಯಂತ್ರದಂಥವಕ್ಕೂ ಹಾಕುವಂತಿಲ್ಲ, ಹಾಕಿದರೆ ಕೆಟ್ಟೀತು, ಕಾನೂನಿಗೂ ವಿರುದ್ಧ ಎಂದು ಅದು ಸಾರುತ್ತದೆ. ಬ್ರಿಟನ್ 2021ರಲ್ಲಿ ಶೇಕಡ 10ಕ್ಕೆ ಹೋದಾಗ ಹಳೇ ಯಂತ್ರಗಳಿಗೆಂದು ಶೇಕಡ 5ರದ್ದನ್ನೂ ಉಳಿಸಿಕೊಂಡಿತು. ಬ್ರೆಜಿಲ್ ನಮಗಿಂತ ಮುಂದಿದೆ ನೋಡಿ ಎನ್ನುವವರಿದ್ದಾರೆ. ನಿಜ. 1975ರಲ್ಲೇ ಹೊರಟು, 2003ರಿಂದ ಎರಡೂ ಇಂಧನಕ್ಕೆ ಒಗ್ಗುವ ಕಾರು ಮಾಡಿಕೊಂಡು ಐವತ್ತು ವರ್ಷದಲ್ಲಿ ಅವರು ಅಲ್ಲಿಗೆ ಮುಟ್ಟಿದರು. ನಾವು ಶೇಕಡ 10ರಿಂದ 20ಕ್ಕೆ ಮೂರು ವರ್ಷದಲ್ಲಿ ಹಾರಿದೆವು. ನಾನು ಹೋಗುವ ಬಂಕಿನಲ್ಲಿ ‘ಇ20’ ಎಂದು ಒಂದು ಮಾಸಿದ ಅಂಟುಚೀಟಿ ಇದೆ. ಹಾಗೆಂದರೇನು ಎಂದು ಪೆಟ್ರೋಲ್ ಹಾಕುವ ಹುಡುಗಿಯನ್ನು ಕೇಳಿದೆ. “ಕಂಪನಿಯವರು ಅಂಟಿಸಿದ್ದು ಸಾರ್,” ಅಂದಳು.

ಹೇಳಬೇಕಾದವರು ಹೇಳದಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಪವಾಡದವರು ಬಂದು ಕೂರುತ್ತಾರೆ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಸೊಪ್ಪು ಕುದಿಸಿ ಪೆಟ್ರೋಲ್ ಮಾಡುತ್ತೇನೆಂದಾಗ ದೊಡ್ಡ ದೊಡ್ಡವರೇ ನಂಬಿದ್ದರು. ಅದು ವಂಚನೆಯೆಂದು ನ್ಯಾಯಾಲಯ ಶಿಕ್ಷೆ ವಿಧಿಸುವಾಗ 2016 ಬಂದಿತ್ತು. ಈಗ ಮೊಬೈಲಿನಲ್ಲಿ ‘ಎಥೆನಾಲ್ ಕೊಲ್ಲುವ’ ಸಣ್ಣ ಬಾಟಲಿಗಳು ಬಂದಿವೆ. ಒಡೆದುಹೋದ ಪೆಟ್ರೋಲನ್ನು ಮತ್ತೆ ಸರಿಮಾಡುವ ಬಾಟಲಿ ಜಗತ್ತಿನಲ್ಲಿ ಯಾವುದೂ ಇಲ್ಲ. ಇನ್ನೊಂದು ಕಡೆ, ಬೈಕ್ ಕೆಟ್ಟರೂ ಎಥೆನಾಲ್, ಮೈಲೇಜ್ ಅರ್ಧಕ್ಕಿಳಿದರೂ ಎಥೆನಾಲ್ ಎನ್ನುವ ಗುಂಪು. ಶೇಕಡ 7 ಶಾಖ ಕಡಿಮೆಯಾದರೆ ಮೈಲೇಜ್ ಅರ್ಧವಾಗುವುದು ಹೇಗೆ? ಅಷ್ಟು ಗಣಿತ ನಾನು ಎಂಟನೇ ಕ್ಲಾಸಿಗೇ ಹೇಳಿಕೊಟ್ಟಿದ್ದೇನೆ.

ನನ್ನ ಮೇಲೂ ನಾನು ಇದೇ ಕಟ್ಟುನಿಟ್ಟು ಹೇರಬೇಕಲ್ಲ. ಎಥೆನಾಲ್ ಇಲ್ಲದ ಕಾಲದಲ್ಲೂ ಒಂಬತ್ತು ತಿಂಗಳು ಇಟ್ಟ ಪೆಟ್ರೋಲ್ ಅಂಟಾಗಿ ಜೆಟ್ ಕಟ್ಟುತ್ತಿತ್ತು. ಗಾಳಿಯ ತೇವವನ್ನು ಎಥೆನಾಲ್ ಗಟಗಟ ಕುಡಿದುಬಿಡುತ್ತದೆ ಎಂಬುದೂ ಉತ್ಪ್ರೇಕ್ಷೆ. ಗಟ್ಟಿ ಮುಚ್ಚಳದ ಕ್ಯಾನಿನಲ್ಲಿ ಅದು ತಿಂಗಳುಗಟ್ಟಲೆ ತಡೆಯುತ್ತದೆ. ನನ್ನ ಪಂಪಿನ ಮುಚ್ಚಳದಲ್ಲಿ ಗಾಳಿ ತೂತಿತ್ತು, ಅಟ್ಟದಲ್ಲಿ ಹೆಂಚು ಸೋರುತ್ತಿತ್ತು, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು ಮರೆತವನೂ ನಾನೇ. ಎರಡು ಡ್ರಮ್ ದ್ರಾವಣದಲ್ಲಿ ಒಂದು ಡ್ರಮ್ಮಿನ ಪಾಪ ನನ್ನದು.

2025ರ ಸೆಪ್ಟೆಂಬರಿನಲ್ಲಿ, ಕೊನೆಯ ಔಷಧಿ ಹೊಡೆದ ದಿನ ಸಂಜೆಯೇ ಟ್ಯಾಂಕ್ ಬಗ್ಗಿಸಿದೆ. ಬಂದ ಮುಕ್ಕಾಲು ಲೀಟರನ್ನು ಸ್ಕೂಟರಿಗೆ ಹಾಕಿದೆ. ಪೆಟ್ರೋಲಿನ ನಲ್ಲಿ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬೊರೇಟರ್ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಉಳಿದ ಹನಿಯನ್ನೂ ಇಳಿಸಿದೆ. ಪ್ಲಗ್ ಬಿಚ್ಚಿ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ಸಲ ಹಗ್ಗ ಎಳೆದು ಮತ್ತೆ ಪ್ಲಗ್ ಹಾಕಿದೆ. ತಗಡಿನ ಟ್ಯಾಂಕಾದ್ದರಿಂದ ಒಳಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿದ್ದಾಯಿತು. ಪೂರ್ತಿ ಇಪ್ಪತ್ತು ನಿಮಿಷದ ಕೆಲಸ. ಟೂ-ಸ್ಟ್ರೋಕ್ ಯಂತ್ರಕ್ಕೆ ಈಗ ಒಂದು ವಾರಕ್ಕೆ ಬೇಕಾದಷ್ಟೇ ಬೆರೆಸುತ್ತೇನೆ, ಸರಿಯಾದ ಕ್ಯಾನಿನಲ್ಲಿ ತಾರೀಕು ಬರೆದಿಡುತ್ತೇನೆ.

ಇಷ್ಟನ್ನೂ ದಪ್ಪಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ಮೆಕ್ಯಾನಿಕ್ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಮೇಲೆ ‘ಈ ಪೆಟ್ರೋಲಿನಲ್ಲಿ ಶೇಕಡ 20 ಎಥೆನಾಲ್ ಇದೆ’ ಎಂಬ ಸಾಲು. ಬಂಕಿನ ಯಜಮಾನರನ್ನೂ ಕೇಳಿದೆ. ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ, ಇನ್ನೂ ಹೇಳಿಲ್ಲ. ನಿಮ್ಮೂರ ಬಂಕಿನಲ್ಲಿ ದರದ ಬೋರ್ಡಿನ ಕೆಳಗೆ ಇಂಥದೊಂದು ಕನ್ನಡದ ಸಾಲು ಇದೆಯೇ, ಮುಂದಿನ ಸಲ ಹೋದಾಗ ನೋಡಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ.